ಭಂಕೂರದಲ್ಲಿ ಸಪಾಟಾದ ನಕ್ಷತ್ರಲೋಕ

ಮನುಷ್ಯನಿಗೆ ಹುಚ್ಚು ಹಿಡಿಯಲು ದೆವ್ವವೇ ಬೇಕೆಂದಿಲ್ಲ, ಭಜಿ ಕಟ್ಟಿಕೊಟ್ಟ ಕಾಗದವೂ ಸಾಕು. ಶಹಾಬಾದಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನನಗೆ ಅಂಥದೊಂದು ಎಣ್ಣೆ ಹತ್ತಿದ ಕಾಗದದಲ್ಲಿ, ಚಕ್ಕಲಿಯಂತೆ ಸುತ್ತಿಕೊಂಡ ದೂರದ ನಕ್ಷತ್ರಲೋಕದ ಚಿತ್ರ ಸಿಕ್ಕಿತು. ಹಿಂದೆ ಯಾರೋ ಒಬ್ಬ ಜಮೀನ್ದಾರ ತನ್ನ ಮನೆಯಲ್ಲೇ ದೊಡ್ಡ ಕನ್ನಡಿ ಮಾಡಿ, ದೂರದರ್ಶಕಕ್ಕೆ ಕೂಡಿಸಿ, ಅಂಥ ಸುರುಳಿಯನ್ನು ಮೊಟ್ಟಮೊದಲು ಕಂಡನಂತೆ. ಜಮೀನ್ದಾರನಿಗೆ ಆದದ್ದು ಮಾಸ್ತರನಿಗೆ ಯಾಕಾಗಬಾರದು?

ದಪ್ಪ ಗಾಜಿನ ಬಿಲ್ಲೆಯೊಂದನ್ನು ತರಿಸಿ, ಗಾಜು ಸವೆಸುವ ಎಮರಿ ಪುಡಿ ಹಾಕಿ, ಮೂರು ತಿಂಗಳು ಪಡಸಾಲೆಯಲ್ಲಿ ಕೂತು ತಿಕ್ಕಿದೆ. ಆ ಕರಕರ ಸದ್ದಿಗೆ ಹೆಂಡತಿಯ ತಲೆ ಕೆಟ್ಟುಹೋಯಿತು. "ಆಕಾಶದಾಗ ಏನದ ಅಂತ ಹುಡುಕಾಕತ್ತೀರಿ, ಡಬ್ಬ್ಯಾಗ ಹಿಟ್ಟಿಲ್ಲಂಬೋದು ಕಾಣವಲ್ದೇನ್ರಿ?" ಅಂದಳು. ಅವಳ ಮಾತಿಗೆ ಅಂಜುವವನಲ್ಲ ನಾನು. ನಾನು ಅಂಜುತ್ತಿದ್ದದ್ದು ಸೇಡಂನಲ್ಲಿದ್ದ ಮಾವನವರಿಗೆ. ಅಳಿಯ ಕೆಲಸಕ್ಕೆ ಬಾರದವನೆಂದು ಮದುವೆಯ ಮರುದಿನವೇ ತೀರ್ಮಾನಿಸಿದ್ದವರು ಅವರು. ಈ ಸಲ ಅವರ ಬಾಯಿ ಮುಚ್ಚಿಸಲೇಬೇಕೆಂದು, "ಐತವಾರ ಬರ್ರಿ, ನಕ್ಷತ್ರಲೋಕ ತೋರಿಸ್ತೀನಿ" ಎಂದು ಕಾರ್ಡು ಹಾಕಿಬಿಟ್ಟೆ.

ಇನ್ನು ಕನ್ನಡಿಗೆ ಹೊಳಪು, ಅದರ ಮೇಲೊಂದು ಬೆಳ್ಳಿಯ ಲೇಪ, ಇಷ್ಟೇ ಬಾಕಿ. ಪಕ್ಕದ ಭಂಕೂರದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಮಸ್ತಾನ್‌ಸಾಬರ ಕೈಗೆ ಬಿಲ್ಲೆ ಕೊಟ್ಟು, "ಛಲೋ ಪಾಲಿಶ್ ಆಗ್ಬೇಕ್ ನೋಡ್ರಿ" ಎಂದಷ್ಟೇ ಹೇಳಿ ಬಂದೆ.

ಐತವಾರ ಮಧ್ಯಾಹ್ನ ಮಾವನವರು ಚಹಾ ಕುಡಿಯುತ್ತ ಕೂತಿದ್ದಾಗ ಮಸ್ತಾನ್‌ಸಾಬರು ಬಂದರು. ಅರಿವೆ ಬಿಚ್ಚಿ ಬಿಲ್ಲೆ ಇಟ್ಟರು. ಏನು ಹೊಳಪು ಅಂತೀರಿ!

"ಮಾಸ್ತರ, ನಡುವ ತಗ್ಗು ಬಿದ್ದಿತ್ತು ನೋಡ್ರಿ. ನೀರು ಹಾಕಿದ್ರ ಅಲ್ಲೇ ನಿಂದರ್ತಿತ್ತು. ನೀರು ನಿಂದರೋ ಮಾಲು ನನ್ನ ಕೈಯಿಂದ ಹೋದ್ರ ಭಂಕೂರದಾಗ ಮಾರಿ ತೋರಿಸಲಿಕ್ಕೆ ಆಗ್ತದೇನ್ರಿ? ಎರಡು ದಿನ ಕುಂತು ತಿಕ್ಕಿ ಸಪಾಟ ಮಾಡೀನಿ."

ಆ ತಗ್ಗೇ ಕನ್ನಡಿಯ ಪ್ರಾಣ. ದೂರದ ಬೆಳಕನ್ನು ಒಂದೆಡೆ ಕೂಡಿಸುವುದೇ ಅದು. ಮೂರು ತಿಂಗಳು ತಿಕ್ಕಿ ಮಾಡಿದ್ದೇ ಆ ತಗ್ಗನ್ನು!

"ಅಯ್ಯೋ ಮಾರಾಯ, ತಗ್ಗೇ ಬೇಕಿತ್ತಲ್ರೀ!" ಎಂದು ಕೂಗಿದೆ. ಅಳುವುದೊಂದು ಬಾಕಿ.

ಮಾವನವರು ಬಿಲ್ಲೆಯ ಮೇಲೆ ಬೆರಳಾಡಿಸಿ, "ವಾಹ್! ಕೆಲಸ ಅಂದ್ರ ಇದು!" ಎಂದರು. ಮಸ್ತಾನ್‌ಸಾಬರ ಮುಖ ಮಾತ್ರ ಬಾಡಿತು. "ಅರೆ ಅಲ್ಲಾ! ತಗ್ಗು ಬೇಕಂತ ಒಂದು ಮಾತು ಹೇಳಿದ್ರ ಮುಟ್ತಿದ್ದಿಲ್ಲಲ್ರಿ. ಯಾಕ ಹೇಳಲಿಲ್ರಿ?"

ಕಲ್ಲು ತಿಕ್ಕುವವರಿಗೆ ಬೆಳಕಿನ ಶಾಸ್ತ್ರವೇಕೆ ಎಂಬ ಜಂಬದಿಂದ ಹೇಳಿರಲಿಲ್ಲವೆಂದು ಯಾವ ಬಾಯಿಂದ ಹೇಳಲಿ? ತಗ್ಗು ಕನ್ನಡಿಯ ಪಾಠವನ್ನು ಹನ್ನೊಂದು ವರ್ಷದಿಂದ, ಕೇಳಲು ಮನಸ್ಸಿಲ್ಲದ ನೂರಾರು ಹುಡುಗರಿಗೆ ಬಡಿದು ಬಡಿದು ಹೇಳಿದ್ದೇನೆ. ನಿಜವಾಗಿ ಬೇಕಾಗಿದ್ದ ಒಬ್ಬರಿಗೆ ಮಾತ್ರ ಹೇಳಿರಲಿಲ್ಲ.