ಲಿಫ್ಟಿನಲ್ಲಿ ಸಿಕ್ಕಿಬಿದ್ದ ಕೊಲೆಗಾರ

ಪ್ರೊಜೆಕ್ಟರ್ ಭಾರವಾಗಿತ್ತು. ಇಲ್ಲದಿದ್ದರೆ ಗಿರಿಧರ್ ಮೂರನೇ ಮಹಡಿಯಿಂದ ಮೆಟ್ಟಿಲಿಳಿದೇ ಹೋಗುತ್ತಿದ್ದ. ಕೀಲ್ಪಾಕಿನ ಆ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಅಂದು ಸಂಜೆ ಅವನದೇ ಕಾರ್ಯಕ್ರಮ. ಹಳೆಯ ಕಪ್ಪು-ಬಿಳುಪು ಥ್ರಿಲ್ಲರ್ ಒಂದರ ಪ್ರದರ್ಶನ, ಅದಕ್ಕೆ ಮೊದಲು ಕ್ಯಾಮೆರಾ ಕೆಲಸದ ಬಗ್ಗೆ ಅವನ ಮಾತು. ತಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಯಾರೂ ಕೇಳದ ಆ ಮಾತುಗಳನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಲಿಫ್ಟಿಗೆ ಎದುರುಮನೆಯ ರಮಾಬಾಯಿಯೂ ಹತ್ತಿದರು. ಎರಡನೇ ಮಹಡಿ ದಾಟುತ್ತಲೇ ಅದು ಗಕ್ಕನೆ ನಿಂತಿತು. ಫ್ಯಾನೂ ನಿಂತಿತು.

"ಅಯ್ಯೋ ರಾಯರೇ! ಏನಾಯ್ತೋ ಗಿರಿ? ನಂಗೆ ಉಸಿರು ಕಟ್ತದೆ."

"ಏನಿಲ್ಲ ಮಾಮಿ, ಈಗ ಬರ್ತಾರೆ," ಎಂದು ಗಿರಿಧರ್ ಗಂಟೆ ಒತ್ತಿದ.

ಬಾಗಿಲ ಮೇಲ್ತುದಿಯ ಸಂದಿನಲ್ಲಿ ಮೊದಲು ಚಪ್ಪಲಿಗಳು ಕಂಡವು. ಆಮೇಲೆ, ನೆಲಕ್ಕೆ ಕೆನ್ನೆಯೊತ್ತಿದ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಕೃಷ್ಣಪ್ರಸಾದರ ಒಂದು ಕಣ್ಣು.

"ಕೊಂಜಂ ಪೊರುಂಗೊ, ಸ್ವಲ್ಪ ತಾಳಿ ಗಿರಿಧರ್! ಮೆಕ್ಯಾನಿಕ್ ಅಣ್ಣಾ ನಗರ್ ಬಿಟ್ಟಾಯ್ತಂತೆ!" ಎಂದಿತು ಕಣ್ಣು.

ರಮಾಬಾಯಿಯ ಮುಖ ಇಡ್ಲಿ ಪಾತ್ರೆಯ ಮುಚ್ಚಳದಂತೆ ಬೆವರಿತ್ತು. ಅವರ ಗಮನ ತಿರುಗಿಸಲು ಗಿರಿಧರ್ ತನಗೆ ಗೊತ್ತಿದ್ದ ಒಂದೇ ವಿಷಯ ತೆಗೆದ.

"ಇವತ್ತಿನ ಪಿಕ್ಚರ್ ಇದೆಯಲ್ಲ ಮಾಮಿ, ಪೂರ್ತಿ ಒಂದೇ ರೂಮಲ್ಲಿ ನಡೆಯೋದು. ಹೊರಗಿಂದ ಬೀಗ. ಒಳಗೊಂದು ಹೆಣ. ಜೊತೆಗೆ ಡಾಕ್ಟ್ರು, ಅಡುಗೆಯವ, ಒಬ್ಬ ಮುದುಕಿ. ಮೊದಲು ಕ್ಯಾಮೆರಾ ದೂರ ಇರತ್ತೆ. ಬರ್ತಾ ಬರ್ತಾ ಮುಖದ ಹತ್ರಾನೇ ಬಂದ್ಬಿಡತ್ತೆ. ಆಮೇಲೆ ಕೆಳಗಿಂದ ತೋರಿಸ್ತಾರೆ, ಸೂರು ತಲೆ ಮೇಲೇ ಇಳಿದ ಹಾಗೆ. ಗೋಡೆ ಒತ್ಕೊಂಡು ಬಂದ ಹಾಗೆ..."

ರಮಾಬಾಯಿ ಸೂರು ನೋಡಿದರು. ಗೋಡೆ ನೋಡಿದರು. ಅಷ್ಟರಲ್ಲಿ ಲಿಫ್ಟ್ ಗೇಣುದ್ದ ಕುಸಿಯಿತು. ದೀಪ ಆರಿತು. ಕತ್ತಲಲ್ಲಿ ಮೇಲೆಲ್ಲೋ ಉಕ್ಕಿನ ಹಗ್ಗ ಕಿರಗುಟ್ಟುವುದಷ್ಟೇ ಕೇಳಿಸುತ್ತಿತ್ತು. ಗಿರಿಧರ್ ಪ್ರೊಜೆಕ್ಟರನ್ನು ಎದೆಗವಚಿಕೊಂಡ. ಪರದೆಯ ಮೇಲೆ ಅವನು ಎಷ್ಟೋ ಸಲ ಮೆಚ್ಚಿಕೊಂಡಿದ್ದು ಇಂಥದ್ದನ್ನೇ.

ರಮಾಬಾಯಿಯ ಉಗುರು ಅವನ ತೋಳಿಗೆ ನಾಟಿತು. "ಕೊಂದೋರು ಯಾರೋ? ಹೇಳ್ಬಿಡೋ! ತಿಳೀದೇ ಸತ್ರೆ ನನ್ನ ಆತ್ಮ ಈ ಲಿಫ್ಟಲ್ಲೇ ಸುತ್ತತ್ತೆ!"

ಅವರ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಹೇಳದಿದ್ದರೆ ಜೀವಕ್ಕೇ ಸಂಚಕಾರ, ಹೇಳಿದರೆ ಸಂಜೆ ಹಾಳು.

"ಡಾಕ್ಟ್ರು, ಮಾಮಿ!" ಎಂದು ಸುಳ್ಳು ಬಿಟ್ಟ.

ಉಸಿರು ಹದಕ್ಕೆ ಬಂತು. ಸಂದಿನಾಚೆ "ಡಾಕ್ಟ್ರಂತೆ, ಡಾಕ್ಟ್ರಂತೆ" ಎಂಬ ಪಿಸುಮಾತು ಮೆಟ್ಟಿಲಿಳಿದು ಹೋಯಿತು.

ಮೆಕ್ಯಾನಿಕ್ ಬಂದು ಕೈಯಿಂದ ಚಕ್ರ ತಿರುಗಿಸಿ ಇಬ್ಬರನ್ನೂ ಕೆಳಗಿಳಿಸಿದ. ಗುಟ್ಟು ಉಳಿಯಿತೆಂಬ ಖುಷಿಯಲ್ಲಿ ಗಿರಿಧರ್ ಹಾಲ್‌ಗೆ ಬಂದರೆ, ಜನ ಕುರ್ಚಿ ಮಡಚುತ್ತಿದ್ದರು.

"ಡಾಕ್ಟ್ರು ಅಂತ ತಿಳೀತಲ್ಲಪ್ಪಾ, ಇನ್ನೇನು ನೋಡೋದು?" ಎಂದರು ಕೃಷ್ಣಪ್ರಸಾದರು.

ಗಿರಿಧರ್ ಬಾಗಿಲಿಗೆ ಅಡ್ಡ ನಿಂತ. "ನಿಲ್ಲಿ! ಡಾಕ್ಟ್ರಲ್ಲ! ಮಾಮಿಯ ಜೀವ ಉಳಿಸೋಕೆ ಸುಳ್ಳು ಹೇಳ್ದೆ!"

ಜನ ಒಬ್ಬೊಬ್ಬರಾಗಿ ಕುರ್ಚಿ ಬಿಡಿಸಿ ಕೂತರು. ಗಿರಿಧರನ ಎದೆ ಉಬ್ಬಿತು.

"ಹಾಗಾದ್ರೆ ಅಡುಗೆಯವ್ನಾ?" ಕೇಳಿದರು ರಮಾಬಾಯಿ.

"ಛೇ ಛೇ, ಅವನು ಪಾಪ, ಅರ್ಧದಲ್ಲೇ ಸಾಯ್ತಾನೆ!" ಎಂದ ಗಿರಿಧರ್ ಉತ್ಸಾಹದಿಂದ.

ರಮಾಬಾಯಿ ಒಂದು ಕ್ಷಣ ಯೋಚಿಸಿದರು. "ಅಂದ್ರೆ ಆ ಮುದುಕೀನೇ!"

ಕುರ್ಚಿಗಳು ಮತ್ತೆ ಮಡಚಿಕೊಂಡವು.