ವನಜಕ್ಕನ ಬದನೆ ಬಣ್ಣದ ಸೀರೆ ಮತ್ತು ನನ್ನ ಮೂರು ಬಲ್ಬುಗಳು

ಬಲ್ಬು ಕೊಳ್ಳುವುದು ಕಷ್ಟದ ಕೆಲಸವೆಂದು ನಾನು ಎಂದೂ ಭಾವಿಸಿರಲಿಲ್ಲ. ಅಂಗಡಿಗೆ ಹೋಗಬೇಕು, ಕೇಳಬೇಕು, ತಂದು ಸಿಕ್ಕಿಸಬೇಕು, ಸ್ವಿಚ್ ಒತ್ತಬೇಕು. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ, ಅಂಧೇರಿಯ ಕಾಲೇಜೊಂದರಲ್ಲಿ ಇಷ್ಟು ವರ್ಷ ಪಾಠ ಹೇಳಿದವನಿಗೆ ಇಷ್ಟೂ ಆಗದಿದ್ದರೆ ಹೇಗೆ? ಆದ್ದರಿಂದ ಸಾಂತಾಕ್ರೂಜಿನ ನಮ್ಮ ಮನೆಯ ಹಳೆಯ ಟ್ಯೂಬ್‌ಲೈಟುಗಳು ಒಂದೊಂದಾಗಿ ಕಣ್ಣು ಮಿಟುಕಿಸಿ ಪ್ರಾಣ ಬಿಡತೊಡಗಿದಾಗ, “ಎಲ್ಲಾ ಕಿತ್ತು ಎಲ್‌ಇಡಿ ಹಾಕಿಬಿಡೋಣು, ನೀ ಚಿಂತಿ ಮಾಡಬ್ಯಾಡ,” ಎಂದು ಹೆಂಡತಿ ಸುಮತಿಗೆ ಭರವಸೆ ಕೊಟ್ಟೆ.

“ನೀವು ಹಂಗ ಅಂದಾಗೇ ನನಗ ಚಿಂತಿ ಶುರುವಾಗ್ತದ್ರಿ,” ಎಂದಳು ಅವಳು.

ಅವಳ ಚಿಂತೆಗೆ ಕಾರಣವಿತ್ತು. ಸುಮತಿ ಹಿಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಹೊಲಿಯುವವರು ಮುಂಬಯಿಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ಸೀರೆಗೆ ಒಪ್ಪುವ ರವಿಕೆ ಬಟ್ಟೆಯನ್ನು ಹುಡುಕಿಕೊಡುವುದರಲ್ಲಿ ಅವಳಿಗೆ ಅವಳೇ ಸಾಟಿ. ಒಮ್ಮೆ ಸೀರೆ ನೋಡಿದರೆ ಸಾಕು, ಆ ಬಣ್ಣವನ್ನು ಕಣ್ಣಿನಲ್ಲಿ ಹೊತ್ತುಕೊಂಡು ದಾದರಿಗೆ ಹೋಗಿ, ಅದೇ ಬಣ್ಣದ ತುಂಡನ್ನು ತಂದುಬಿಡುತ್ತಾಳೆ. ಆ ಕೋಣೆಗೆ ಹಗಲಿನ ಬೆಳಕು ಬಂದು ಬಹಳ ಕಾಲವಾಯಿತು. ಪಕ್ಕದ ಬಿಲ್ಡಿಂಗ್ ಕೆಡವಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗಿ, ನಮ್ಮ ಕಿಟಕಿಗಳ ಮುಂದೆ ಹಸಿರು ಬಲೆ ಕಟ್ಟಿದ್ದಾರೆ. ಹೀಗಾಗಿ ಅವಳ ಇಡೀ ಉದ್ಯೋಗ ನಿಂತಿರುವುದು ಸೂರಿನ ಒಂದು ದೀಪದ ಮೇಲೆ.

ಇದೇ ಹೊತ್ತಿಗೆ ವನಜಕ್ಕನ ವಿಷಯ ಬಂತು. ವನಜಕ್ಕ ಬಿ ವಿಂಗಿನವರು, ಉಡುಪಿ ಕಡೆಯವರು. ಗಂಡನದು ಸ್ಟೇಷನ್ ಬಳಿ ಹೋಟೆಲು. ನಮ್ಮ ಬಿಲ್ಡಿಂಗಿನ ಬುಡದಲ್ಲಿ, ಗೇಟಿನ ಪಕ್ಕದಲ್ಲಿ, ಅವರದೊಂದು ಪುಟ್ಟ ಅಂಗಡಿ ಖಾಲಿ ಬಿದ್ದಿತ್ತು. ಆ ಅಂಗಡಿಯ ಮೇಲೆ ಸುಮತಿಗೆ ಜೀವ. ಮದುವೆಯಾದಂದಿನಿಂದ ಅವಳು ನನ್ನ ಬಳಿ ಒಡವೆ ಕೇಳಿದವಳಲ್ಲ, ಪ್ರವಾಸ ಕೇಳಿದವಳಲ್ಲ. ರಸ್ತೆಗೆ ಮುಖ ಮಾಡಿದ ಒಂದು ಬಾಗಿಲು, ಅದರ ಮೇಲೆ ತನ್ನ ಹೆಸರಿನ ಬೋರ್ಡು, ಇಷ್ಟೇ ಅವಳ ಆಸೆ. ಮೊಬೈಲ್ ಕವರ್ ಮಾರುವವನೊಬ್ಬನೂ ಅದೇ ಅಂಗಡಿಯ ಬೆನ್ನು ಹತ್ತಿದ್ದ.

“ಕೊಡುವ ಮಾರಾಯ್ತಿ, ನಿನಗೇ ಕೊಡುವ,” ಎಂದಿದ್ದರು ವನಜಕ್ಕ. “ಆದರೆ ಮೊದಲು ನನ್ನ ಮಗನ ಮದುವೆಗೆ ನನಗೊಂದು ರವಿಕೆ ಹೊಲಿ. ನಾಲ್ಕು ಜನ ನೋಡಿ ‘ಯಾರು ಹೊಲಿದದ್ದು?’ ಅಂತ ಕೇಳ್ಬೇಕು. ಕೇಳಿದ್ರೆ ಕೀ ನಿನ್ನದು. ಇಲ್ಲದಿದ್ರೆ ಆ ಮೊಬೈಲಿನವನದ್ದು. ಆಯ್ತಾ?”

ಹಾಗೆ ಒಂದು ಸಂಜೆ ತಮ್ಮ ಮನೆಯಲ್ಲಿ ಬದನೆ ಬಣ್ಣದ ರೇಷ್ಮೆ ಸೀರೆಯನ್ನು ಬಿಚ್ಚಿ ಸುಮತಿಗೆ ತೋರಿಸಿದ್ದರು. ಒಂದೇ ಕರಾರು: ಸೀರೆ ನಮ್ಮ ಮನೆಗೆ ಬಂದಮೇಲೆ ಮದುವೆಯ ದಿನದವರೆಗೆ ಹೊಸ್ತಿಲು ದಾಟಬಾರದು. ದೃಷ್ಟಿ ತಾಗುತ್ತದಂತೆ.

ನಾನು ಲೋಹಾರ್ ಚಾಳಿಗೆ ಹೋದೆ. ಅಲ್ಲಿ ಓಣಿಯುದ್ದಕ್ಕೂ ದೀಪದ ಅಂಗಡಿಗಳು. ಅಂಗಡಿಯ ಸೂರಿನ ತುಂಬ ದೀಪಗಳು, ಎಲ್ಲವೂ ಒಟ್ಟಿಗೇ ಉರಿಯುತ್ತಿದ್ದವು. ಅದರ ಕೆಳಗೆ ಯಾವ ದೀಪ ಹಚ್ಚಿದರೂ ಚೆಂದ. ಅಲ್ಲಿ ನಾನು ಕೂಡ ಚೆಂದ ಕಾಣುತ್ತಿದ್ದೆ! ಅಂಗಡಿಯವ ಬಲ್ಬಿಗೆ ತೊಡಿಸಿ ತೂಗುಹಾಕುವ, ಜೇನಿನ ಬಣ್ಣದ ಗಾಜಿನ ಒಂದು ಬುರುಡೆಯನ್ನು ತೋರಿಸಿ, “ಸಾಬ್, ಯೇ ಲೇ ಜಾವೋ, ಘರ್ ಮಹಲ್ ಲಗೇಗಾ,” ಎಂದ.

“ಸಿಲಾಯೀ ಕಾ ಕಾಮ್ ಹೈ,” ಎಂದು ಹೊಲಿಗೆಯ ವಿಷಯ ಹೇಳಿದೆ.

“ತೋ ಮಹಲ್ ಮೇ ಸಿಲಾಯೀ ಹೋಗೀ!” ಎಂದ.

ಗಾಜಿನ ಬುರುಡೆ ತೆಗೆದುಕೊಂಡೆ. ಬಿಳಿಯಲ್ಲಿ ಮೂರು ಬಗೆ ಇವೆಯೆಂದು ಅಲ್ಲೇ ತಿಳಿಯಿತು. ವಾರ್ಮ್, ನ್ಯಾಚುರಲ್, ಕೂಲ್. ಬಿಳಿಯೆಂದರೆ ಬಿಳಿ ಎಂದುಕೊಂಡಿದ್ದ ನನ್ನ ಮನಸ್ಸಿಗೆ ಇದು ಸಣ್ಣ ಪೆಟ್ಟಲ್ಲ. ಮೂರನ್ನೂ ಕೊಂಡೆ.

ಮನೆಗೆ ಬಂದು ಸುಮತಿಯನ್ನು ಕೇಳಿದೆ, “ಹಳೇ ಟ್ಯೂಬಿನ ಬೆಳಕು ಹೆಂಗಿತ್ತು?”

“ಬೆಳ್ಳಗಿತ್ತು.”

“ಎಂಥಾ ಬೆಳ್ಳಗ?”

“ಬೆಳ್ಳಗ ಅಂದ್ರ ಬೆಳ್ಳಗ್ರಿ! ಅದರಾಗೇನು ಎಂಥಾದ್ದು?”

ನಾನು ನಿಟ್ಟುಸಿರು ಬಿಟ್ಟೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುವ ಮಾತೊಂದಿದೆ. ಮನುಷ್ಯನ ನೆನಪು ಉಗ್ರಾಣವಲ್ಲ, ಅಡುಗೆಮನೆ. ಅಲ್ಲಿ ಇಟ್ಟದ್ದು ಇಟ್ಟ ಹಾಗೆ ಸಿಗುವುದಿಲ್ಲ, ಪ್ರತಿಸಲ ಹೊಸದಾಗಿ ಬೇಯುತ್ತದೆ. ಈ ಮಾತನ್ನು ನಾನೇ ಹುಟ್ಟಿಸಿದೆನೋ, ಎಲ್ಲೋ ಓದಿದೆನೋ ನೆನಪಿಲ್ಲ. ಅದೇ ಅದರ ಸತ್ಯಕ್ಕೆ ಸಾಕ್ಷಿ! ಹೀಗಾಗಿ ಬೆಳಕನ್ನು ಆಯ್ದುಕೊಳ್ಳುವ ಕೆಲಸವನ್ನು ಸುಮತಿಯ ನೆನಪಿಗೆ ಬಿಡುವಂತಿರಲಿಲ್ಲ. ಪ್ರಯೋಗ ನಡೆಸಲು ನಿಶ್ಚಯಿಸಿದೆ.

ಪ್ರಯೋಗ ನಿಷ್ಪಕ್ಷಪಾತವಾಗಿರಬೇಕು. ಬಲ್ಬಿನ ಕೊರಳಿನ ಮೇಲೆ ಅದರ ಜಾತಕವೆಲ್ಲ ಅಚ್ಚಾಗಿರುತ್ತದೆ. ಅದನ್ನು ಓದಿದರೆ ಮನಸ್ಸು ಒಂದು ಕಡೆ ವಾಲುತ್ತದೆ. ಮಗಳು ಅದಿತಿಯ ನೇಲ್ ಪಾಲಿಶ್ ತೆಗೆಯುವ ದ್ರಾವಣದಿಂದ ಮೂರೂ ಬಲ್ಬುಗಳ ಅಕ್ಷರಗಳನ್ನು ಶ್ರದ್ಧೆಯಿಂದ ಒರೆಸಿ ಹಾಕಿದೆ. ಡಬ್ಬಿಗಳನ್ನು ಕಸಕ್ಕೆ ಎಸೆದೆ.

“ಪಪ್ಪಾ, ವೆಯ್ಟ್,” ಎಂದಳು ಅದಿತಿ. “ಈಗ ಯಾವುದು ಯಾವುದು ಅಂತ ನಿಮಗೆ ಹೇಗೆ ಪತಾ ಚಲೇಗಾ?”

“ನನಗ ನೆನಪಿರ್ತದ,” ಎಂದೆ.

ಅವಳು ತನ್ನ ದ್ರಾವಣದ ಬಾಟಲಿ ಎತ್ತಿಕೊಂಡು ಎದ್ದು ಹೋದಳು. ಅವಳೂ ನನ್ನ ಪಾಠಗಳನ್ನು ಕೇಳುತ್ತ ಬೆಳೆದವಳೇ.

ಪ್ರಯೋಗ ಘನಗಂಭೀರವಾಗಿ ನಡೆಯಿತು. ಸುಮತಿಯನ್ನು ಕುರ್ಚಿಯಲ್ಲಿ ಕೂರಿಸಿ ಬಲ್ಬುಗಳನ್ನು ಸರದಿಯ ಮೇಲೆ ಹಚ್ಚಿ ತೋರಿಸಿದೆ. “ಎರಡನೇದು ಮೊದಲಿನಂಗ ಅದ,” ಎಂದಳು. ಆರಿಸಿದೆ. ಸ್ವಲ್ಪ ತಡೆದು, ಅದೇ ಬಲ್ಬನ್ನು ಹೊಸದೆಂಬಂತೆ ಮತ್ತೆ ಹಚ್ಚಿದೆ. “ಇದು ಅಲ್ಲ ಬಿಡ್ರಿ,” ಎಂದಳು. ಸಿಕ್ಕಿಬಿದ್ದಳು! ಮನುಷ್ಯನ ನೆನಪು ನಂಬಿಕೆಗೆ ಅರ್ಹವಲ್ಲವೆಂದು ನನ್ನ ಮನೆಯಲ್ಲೇ, ನನ್ನ ಹೆಂಡತಿಯಿಂದಲೇ ಸಾಬೀತಾಯಿತು.

“ಒಲಿ ಮ್ಯಾಲೆ ಅನ್ನ ಇಟ್ಟೀನ್ರಿ, ಹೊತ್ತಿದ ವಾಸನಿ ಬರಾಕತ್ತೇದ. ಎದ್ದು ಹೋಗಾಕ ಹಂಗ ಅಂದೆ,” ಎಂದಳು ಸುಮತಿ.

ಆ ವಿವರಣೆಯನ್ನು ನಾನು ಪರಿಗಣಿಸಲಿಲ್ಲ.

ಮರುದಿನ ಗಾಜಿನ ಬುರುಡೆ ತೂಗುಹಾಕಲು ಎಲೆಕ್ಟ್ರಿಷಿಯನ್ ಬಂದ. ಬುರುಡೆ ಕಟ್ಟಿ, ಏಣಿಯ ಮೇಲಿಂದ ಕೈ ಚಾಚಿ, “ಕೌನ್‌ಸಾ ಲಗಾವೂಂ ಸಾಬ್?” ಎಂದು ಕೇಳಿದ. ಮೇಜಿನ ಮೇಲೆ ಮೂರು ಬಲ್ಬುಗಳು ಅವಳಿಗಳಂತೆ, ಅಲ್ಲ, ತ್ರಿವಳಿಗಳಂತೆ ಕುಳಿತಿದ್ದವು. ಸುಮತಿ ಮೆಚ್ಚಿದ ಎರಡನೆಯ ಬಲ್ಬು ಯಾವುದು? ಎಡಗಡೆಯದೆಂದು ನನ್ನ ನೆನಪು ಹೇಳಿತು. ಖಚಿತವಾಗಿ ಹೇಳಿತು. ಅಲ್ಲೇ ನನಗೆ ಅನುಮಾನ ಬಂದದ್ದು. ನೆನಪು ಎಷ್ಟು ಖಚಿತವೋ ಅಷ್ಟು ಮೋಸ ಎಂದು ತರಗತಿಯಲ್ಲಿ ಹೇಳುವವನು ಮನೆಯಲ್ಲಿ ಬೇರೆ ನಡೆದುಕೊಳ್ಳಬಹುದೇ?

ಬಲಗಡೆಯದನ್ನು ಎತ್ತಿ ಕೊಟ್ಟೆ.

“ಏಕ್ ಬಾರ್ ಜಲಾ ಕೇ ದೇಖ್ ಲೋ,” ಎಂದ.

“ಮೊದಲೇ ಹಚ್ಚಿ ನೋಡಿದರೆ ಕಣ್ಣು ಒಗ್ಗಿಬಿಡುತ್ತದೆ, ಆಮೇಲೆ ಎಲ್ಲವೂ ಸರಿಯೆನ್ನಿಸುತ್ತದೆ,” ಎಂದು ನನಗೆ ಬರುವ ಹಿಂದಿಯಲ್ಲಿ ವಿವರಿಸಿದೆ. ಅವನು ಏಣಿ ಮಡಚಿಕೊಂಡು ಅವಸರವಾಗಿ ಹೊರಟುಹೋದ.

ಸಂಜೆ ದೀಪ ಹಚ್ಚಿದಾಗ ಕೋಣೆ ನಿಜವಾಗಿಯೂ ಮಹಲಿನಂತೆ ಹೊಳೆಯಿತು. ಗೋಡೆ, ಮಷೀನು, ಕತ್ತರಿ, ಸುಮತಿ, ಎಲ್ಲವನ್ನೂ ಜೇನಿನಲ್ಲಿ ಅದ್ದಿ ತೆಗೆದಂತಿತ್ತು. ಆ ಹೊತ್ತಿಗೆ ವನಜಕ್ಕನ ಸೀರೆಯೂ ಮನೆಗೆ ಬಂದಿತ್ತು. ಸುಮತಿ ಅದನ್ನು ಬಿಚ್ಚಿದವಳೇ ಹುಬ್ಬು ಗಂಟಿಕ್ಕಿದಳು.

“ಏನ್ರೀ, ನಾ ಅವರ ಮನ್ಯಾಗ ನೋಡಿದ ಸೀರಿ ಹಿಂಗಿರಲಿಲ್ಲ.”

“ಯಾವಾಗ ನೋಡಿದ್ದಿ?”

“ಹೋದ ವಾರ.”

“ಅದು ನೆನಪು, ಸುಮತಿ.”

“ನೆನಪೇ. ಮತ್ತೇನು? ಬದನೀಕಾಯಿ ಬಣ್ಣ ಇತ್ತು. ಈಗ ನೋಡಿದ್ರ ಹುರಿದ ಬದನೀಕಾಯಿ ಕಂಡಂಗ ಕಾಣತದ.”

ಅವಳ ಕೈಯಲ್ಲಿ ಎರಡು ತುಂಡುಗಳಿದ್ದವು. ವನಜಕ್ಕನ ಮನೆಯಲ್ಲಿ ನೋಡಿದ ಬಣ್ಣವನ್ನು ಕಣ್ಣಿನಲ್ಲಿ ಹೊತ್ತು ದಾದರಿನಿಂದ ತಂದದ್ದು ಒಂದು. ಬೇರೊಬ್ಬರಿಗೆಂದು ತಂದಿಟ್ಟ ಕಾಫಿ ಪುಡಿ ಬಣ್ಣದ್ದು ಇನ್ನೊಂದು. ಎರಡನ್ನೂ ಸೀರೆಯ ಮೇಲಿಟ್ಟು ನೋಡಿದೆವು. ನನ್ನ ಮಹಲಿನ ಬೆಳಕಿನಲ್ಲಿ ಕಾಫಿ ಪುಡಿಯದ್ದು ಸೀರೆಯೊಳಗೆ ಕರಗಿಹೋಯಿತು. ಇನ್ನೊಂದು ಎದ್ದು ಕಂಡಿತು.

“ನನ್ನ ಮನಸ್ಸು ಇದನ್ನ ಹಾಕು ಅಂತದ್ರಿ,” ಎಂದಳು, ದಾದರಿನ ತುಂಡನ್ನು ಹಿಡಿದು.

ಆಗ ನಾನು ಮಾತಾಡಿದೆ. ಬಹಳ ಹೊತ್ತು ಮಾತಾಡಿದೆ. ನೆನಪು ಬಣ್ಣಕ್ಕೆ ಬಣ್ಣ ಬಳಿಯುತ್ತದೆ ಎಂದೆ. ಕಣ್ಣ ಮುಂದಿರುವುದನ್ನು ಬಿಟ್ಟು ಹೋದ ವಾರದ್ದನ್ನು ನಂಬುವುದು ವಿವೇಕವೇ ಎಂದೆ. ಸುಮತಿ ನನ್ನ ಮಾತಿಗೆ ಸಾಮಾನ್ಯವಾಗಿ ಸೊಪ್ಪು ಹಾಕುವವಳಲ್ಲ. ಆದರೆ ಅಂದು ಅವಳ ಮನಸ್ಸಿನಲ್ಲಿ ಅಂಗಡಿಯಿತ್ತು, ಅಂಗಡಿ ಕೈತಪ್ಪುವ ಭಯವಿತ್ತು. ಭಯವಿದ್ದವರಿಗೆ ಅನುಮಾನ ಹತ್ತಿಸುವುದು ಬಹಳ ಸುಲಭ. ಇಷ್ಟು ವರ್ಷ ಒಂದು ಬಣ್ಣವನ್ನೂ ತಪ್ಪದ ಅವಳ ಕಣ್ಣಿಗೆ ನಾನು ಅಂದು ತಪ್ಪುವುದನ್ನು ಕಲಿಸಿದೆ.

ಅವಳು ಕಾಫಿ ಪುಡಿಯದ್ದನ್ನು ಕತ್ತರಿಸಿದಳು.

ವನಜಕ್ಕ ಅಳತೆ ನೋಡಲು ಬಂದದ್ದೂ ಸಂಜೆಯೇ, ಅದೇ ಜೇನಿನ ಬೆಳಕಿನಲ್ಲೇ. ಸೀರೆಯ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿ, “ಅಬ್ಬಾ! ಸೀರೆ ಎಲ್ಲಿ ಮುಗಿತದೆ, ರವಿಕೆ ಎಲ್ಲಿ ಶುರುವಾಗ್ತದೆ ಅಂತಲೇ ಗೊತ್ತಾಗುದಿಲ್ಲ ಮಾರಾಯ್ತಿ!” ಎಂದರು. ನಾನು ಸುಮತಿಯತ್ತ ನೋಡಿ, ವಿನಯದಿಂದ ಎನ್ನುವಂತೆ, ತಲೆ ತಗ್ಗಿಸಿದೆ.

ಮದುವೆ ವಡಾಲದ ಒಂದು ಹಾಲ್‌ನಲ್ಲಿ. ವನಜಕ್ಕ ನಸುಕಿನ ಕತ್ತಲಲ್ಲೇ ನಮ್ಮ ಮನೆಗೆ ಬಂದು, ಅದೇ ಜೇನಿನ ಬೆಳಕಿನಲ್ಲಿ ಸೀರೆಯುಟ್ಟು ದಿಬ್ಬಣದ ಕಾರಿಗೆ ಇಳಿದಿದ್ದರು. ನಾವು ಮೊದಲೇ ಹೋಗಿ ಮೆಟ್ಟಿಲ ಬಳಿ ನಿಂತಿದ್ದೆವು. ವನಜಕ್ಕನ ಕಾರು ಬಂತು. ಬಾಗಿಲು ತೆರೆಯಿತು. ವರನ ತಾಯಿ ಬೆಳಗಿನ ಬಿಸಿಲಿಗೆ ಕಾಲಿಟ್ಟರು.

ಸೀರೆ ಬದನೆಕಾಯಿ ಬಣ್ಣದ್ದಾಗಿತ್ತು. ಆಗಷ್ಟೇ ಗಿಡದಿಂದ ಕಿತ್ತ ಬದನೆಕಾಯಿ. ತೋಳುಗಳೆರಡೂ ಕಾಫಿ ಪುಡಿ!

ಸುಮತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಅವಳ ಮುಖದಿಂದ ಆ ಅಂಗಡಿ, ಆ ಬಾಗಿಲು, ಆ ಬೋರ್ಡು ಎಲ್ಲ ಇಳಿದುಹೋಗುವುದು ನನಗೆ ಕಂಡಿತು. ಇದನ್ನು ನಾನು ಮರೆತಿಲ್ಲ. ಈ ಒಂದು ನೆನಪಿನ ಮೇಲೆ ನನಗೆ ಅನುಮಾನವಿಲ್ಲ.

ವನಜಕ್ಕ ತೋಳು ನೋಡಿಕೊಂಡರು, ಸೆರಗು ನೋಡಿಕೊಂಡರು. “ಎಂಥ ಮಾರಾಯ್ತಿ ಇದು? ಅರ್ಧ ನಾನು ಮದುವೆಗೆ ಬಂದದ್ದಾ, ಅರ್ಧ ಹೋಟೆಲಿನ ಯೂನಿಫಾರ್ಮಾ?”

ಹೆಂಡತಿಯನ್ನು ಕಾಪಾಡುವುದು ಗಂಡನ ಧರ್ಮ. ಮುಂದೆ ಬಂದೆ. “ವನಜಕ್ಕಾ, ತಪ್ಪು ಸುಮತಿದಲ್ಲ. ಆದರೆ ಶಾಂತವಾಗಿ ಯೋಚನೆ ಮಾಡ್ರಿ. ಅಂದು ಸಂಜೆ ನೀವೇ ನೋಡಿ ಒಪ್ಪಿದ್ರಿ. ಸೀರೆ ಕೊಂಡಾಗ ಬದನೆ ಬಣ್ಣನೇ ಇತ್ತು ಅಂತ ನಿಮಗೆ ಖಾತ್ರಿ ನೆನಪದ ಏನು?”

ವನಜಕ್ಕ ನನ್ನನ್ನು ನೋಡಿದ ನೋಟವನ್ನು ಬರೆಯಲು ಕನ್ನಡದಲ್ಲಿ ಪದಗಳಿವೆ. ಅಚ್ಚಿಗೆ ತಕ್ಕವಲ್ಲ.

“ಪಪ್ಪಾ, ಪ್ಲೀಸ್, ಚುಪ್!” ಎಂದು ಅದಿತಿ ನನ್ನ ತೋಳು ಹಿಡಿದು ಎಳೆದಳು.

ಅಷ್ಟರಲ್ಲಿ ಸುಮತಿ ಎಚ್ಚೆತ್ತಿದ್ದಳು. “ಅಕ್ಕಾ, ಒಂದು ನಿಮಿಷ ನಿಂದರ್ರಿ,” ಎಂದವಳೇ ವನಜಕ್ಕನ ಸೆರಗಿನ ಪಿನ್ ಕಿತ್ತು, ಸೆರಗನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು ಎರಡೂ ಭುಜ ಮುಚ್ಚುವಂತೆ ಹೊದಿಸಿದಳು. ನಮ್ಮ ಧಾರವಾಡದ ಕಡೆ ಹಿರಿಯ ಹೆಂಗಸರು ಮೈತುಂಬ ಸೆರಗು ಹೊದೆಯುತ್ತಾರಲ್ಲ, ಹಾಗೆ. ಮೊಳಕೈವರೆಗೂ ಕಾಫಿ ಪುಡಿ ಮಾಯ!

ಹೆಣ್ಣಿನ ಕಡೆಯವರು ಬೆಳಗಾವಿಯವರು. ಅವರ ಮನೆಯ ಅಜ್ಜಿ ಮೆಟ್ಟಿಲ ಮೇಲೆ ಆರತಿ ಹಿಡಿದು ನಿಂತಿದ್ದವರು ವನಜಕ್ಕನನ್ನು ನೋಡಿ ಕಣ್ಣರಳಿಸಿದರು. “ನೋಡ್ರೇ, ಬೀಗತಿ ಎಷ್ಟ್ ಚಂದ ಮೈತುಂಬ ಸೆರಗು ಹೊತ್ಕೊಂಡು ಬಂದಾರ! ನಮ್ಮ ಪದ್ಧತಿ ಯಾರು ಹೇಳಿಕೊಟ್ರವ್ವಾ?”

ವನಜಕ್ಕ ಬೆವರು ಒರೆಸಿಕೊಂಡು, ಹಲ್ಲು ಕಚ್ಚಿ ನಕ್ಕು, ಸುಮತಿಯತ್ತ ಬೆರಳು ತೋರಿಸಿದರು. ಅಂದು ಇಡೀ ದಿನ, ವಡಾಲದ ಆ ಸೆಕೆಯಲ್ಲಿ, ಊಟದ ಪಂಕ್ತಿಯಲ್ಲೂ ಅವರು ಸೆರಗು ಸರಿಸಲಿಲ್ಲ. ಪಾಯಸ ಬಡಿಸುವಾಗ ಕೂಡ ಒಂದೇ ಕೈ ಹೊರಗೆ ಬರುತ್ತಿತ್ತು, ಅದೂ ಮಣಿಕಟ್ಟಿನವರೆಗೆ.

ಮದುವೆ ಮುಗಿದ ವಾರ ವನಜಕ್ಕ ಕೀಲಿಕೈ ಹಿಡಿದು ಬಂದರು. “ಯಾರು ಹೊಲಿದದ್ದು ಅಂತ ಯಾರೂ ಕೇಳ್ಲಿಲ್ಲ. ಯಾರು ಉಡಿಸಿದ್ದು ಅಂತ ಎಲ್ಲರೂ ಕೇಳಿದ್ರು. ಅದೂ ಲೆಕ್ಕವೇ,” ಎಂದು ಸುಮತಿಯ ಅಂಗೈಯಲ್ಲಿ ಕೀ ಇಟ್ಟರು. ಸುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವನಜಕ್ಕ ನನ್ನ ಕಡೆ ತಿರುಗಿ, “ಆದರೆ ಸರ್, ಅಂಗಡಿಯ ಲೈಟಿನ ವಿಷಯಕ್ಕೆ ನೀವು ಬರುದು ಬೇಡ. ನಮಸ್ಕಾರ,” ಎಂದು ಕೈ ಮುಗಿದರು.

ಅಂಗಡಿ ತೆರೆದ ದಿನ ಬೆಳಿಗ್ಗೆ ಬಾಗಿಲ ಮುಂದೆ ರಸ್ತೆಯಲ್ಲಿ ಎಲ್ಲರೂ ಸೇರಿದ್ದೆವು. ದಾದರಿನ ಆ ತುಂಡಿನಲ್ಲಿ ಸುಮತಿ ಹೊಸದಾಗಿ ಹೊಲಿದುಕೊಟ್ಟ ರವಿಕೆ ತೊಟ್ಟು, ಅದೇ ಸೀರೆಯುಟ್ಟು ವನಜಕ್ಕ ಬಂದರು. ಈ ಸಲ ತೋಳುಗಳೆರಡೂ ರಾಜಾರೋಷವಾಗಿ ಹೊರಗಿದ್ದವು. ನೆರೆದವರ ನಡುವೆ ನನ್ನನ್ನು ಹಿಡಿದು ನಿಲ್ಲಿಸಿ, “ಈಗ ಹೇಳಿ ಸರ್. ಸೀರೆಗೂ ರವಿಕೆಗೂ ಮ್ಯಾಚ್ ಉಂಟಾ ಇಲ್ವಾ?” ಎಂದರು.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಸೀರೆ ನೋಡಿದೆ. ರವಿಕೆ ನೋಡಿದೆ. ಒಂದೇ ಬಣ್ಣವೆನ್ನಿಸಿತು. ಖಚಿತವಾಗಿ ಒಂದೇ ಬಣ್ಣವೆನ್ನಿಸಿತು. ಅಲ್ಲೇ ನನಗೆ ಮತ್ತೆ ಅನುಮಾನ ಬಂತು.

“ಸ್ವಲ್ಪ ತಡೀರಿ ವನಜಕ್ಕಾ,” ಎಂದೆ ಗಂಭೀರವಾಗಿ. “ಒಂದು ಸಲ ಬಿಸಿಲಿಗೆ ಬಂದು ನಿಂದರ್ರಿ, ನೋಡಿ ಹೇಳತೇನಿ.”

ಯಾರೂ ನಗಲಿಲ್ಲ. ಸುಮತಿ ಮೆಲ್ಲಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ನೋಡಿದಳು.

ತಲೆ ಕಾದಿತ್ತು. ನಾವೆಲ್ಲ ನಿಂತಿದ್ದದ್ದು ಬಿಸಿಲಿನಲ್ಲೇ.