ಸ್ವಿಚ್ಚು ಕಂಡರೆ ಬಿಡದ ಭಾವ

ಒಂದೇ ಒಂದು ಸಲ ಬಿಟ್ಟರೆ, ನಮ್ಮ ಭಾವ ಸ್ವಿಚ್ಚು ಹಾಕಿದ್ದನ್ನು ನಾನು ಕಂಡವನಲ್ಲ. ಆರಿಸಿದ್ದಕ್ಕೆ ಮಾತ್ರ ಲೆಕ್ಕವೇ ಇಲ್ಲ! ಹಾಗಾದರೆ ಅವರ ಮನೆಯಲ್ಲಿ ದೀಪ ಉರಿಯುವುದು ಹೇಗೆ ಎಂದು ಕೇಳುತ್ತೀರಾ? ಹಾಕುವ ಖಾತೆ ನಮ್ಮಕ್ಕನದು, ಆರಿಸುವ ಖಾತೆ ಭಾವನದು. ಸಂಸಾರವೆಂದರೆ ಹೀಗೆ ಕೆಲಸ ಹಂಚಿಕೊಳ್ಳುವುದೇ ತಾನೇ?

ಭಾವ ತಿಪಟೂರು ಕಡೆಯವರು, ಬ್ಯಾಂಕಿನಲ್ಲಿ ಮ್ಯಾನೇಜರು. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಐದು ವರ್ಷವಾಯಿತು. ಬ್ಯಾಂಕಿನವರು ಇವರನ್ನು ಇಲ್ಲಿ ಇಟ್ಟು ಮರೆತಿದ್ದಾರೆ ಎಂಬುದು ಅಕ್ಕನ ಗುಮಾನಿ. ನನಗೆ ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿ ಪೆಂಡುರ್ತಿಯ ಅವರ ಮನೆಗೆ ಬಂದಿಳಿದ ಮೊದಲ ದಿನವೇ ಅವರ ಪರಿಚಯ ಸರಿಯಾಗಿ ಆಯಿತು. ನಾನು ಫ್ಯಾನಿನ ಕೆಳಗಿನಿಂದೆದ್ದು ನೀರು ಕುಡಿದು ಬರುವಷ್ಟರಲ್ಲಿ ಫ್ಯಾನು ನಿಂತಿತ್ತು. ಅಷ್ಟರಲ್ಲಿ ಬಚ್ಚಲುಮನೆಯ ಒಳಗಿನಿಂದ ಅವರ ಮಗಳ ದನಿ ಕೇಳಿತು.

"ನಾನ್ನಾ, ನಾನಿನ್ನೂ ಒಳಗಿದೀನಿ. ಲೈಟು ಹಾಕಂಡಿ."

ಆ ಹುಡುಗಿಯ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಬಿದ್ದು ಎಷ್ಟೋ ಕಾಲವಾಗಿದೆ. ಅಪ್ಪನಿಗೆ ಅವಳು ದಿನಕ್ಕೆ ನಾಲ್ಕು ಬಾರಿಯಾದರೂ ಹೇಳುವ ಮಾತು ಇದೊಂದೇ ಅಂತೆ.

"ಮದುವೆಯಾದಾಗ ಹೀಗಿರಲಿಲ್ಲ ಕಣೋ," ಎಂದು ಅಕ್ಕ ಸ್ವಿಚ್ಚು ಹಾಕುತ್ತಾ ನಿಟ್ಟುಸಿರುಬಿಟ್ಟಳು. "ಈ ಊರಿಗೆ ಬಂದ ಮೇಲೇ ಶುರುವಾಗಿದ್ದು ಈ ರೋಗ. ಸಮುದ್ರದ ಗಾಳಿ ಆಗಿಬರಲಿಲ್ಲವೋ ಏನೋ."

ರೋಗ ಮನೆಯೊಳಗೇ ಇದ್ದಿದ್ದರೆ ಹೇಗೋ ಸಹಿಸಬಹುದಿತ್ತು. ಅಕ್ಕನಿಗೆ ಸೀರೆ ಕೊಡಿಸಲು ಒಮ್ಮೆ ದ್ವಾರಕಾ ನಗರದ ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ತಲೆಯ ಮೇಲೆ ಸಾಲುಸಾಲು ದೀಪ, ಎಸಿಯ ಚಳಿ ಬೇರೆ. ಅಕ್ಕ ನಾಲ್ಕನೆಯ ಸೀರೆಯ ಸೆರಗು ಬಿಡಿಸುತ್ತಿದ್ದಾಗ ಅರ್ಧ ಅಂಗಡಿ ಕತ್ತಲಾಯಿತು. ಅಂಗಡಿಯ ಹುಡುಗಿಯರು ಜನರೇಟರಿನವನನ್ನು ಕೂಗಿದರು, ಮಾಲೀಕರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡರು. ನಮ್ಮ ಭಾವ ಸೀರೆಯುಟ್ಟ ಗೊಂಬೆಯೊಂದರ ಹಿಂದಿನಿಂದ ಶಾಂತವಾಗಿ ಹೊರಬಂದು ಮಾಲೀಕರ ಕೈಗೆ ತಮ್ಮ ಕಾರ್ಡು ಕೊಟ್ಟರು.

"ಈ ದೀಪ, ಈ ಎಸಿ ಎಲ್ಲಾ ಹಳೇವು. ಬದಲಾಯಿಸಿ, ಸಾಲ ನಾನು ಕೊಡ್ತೀನಿ. ಈಗ ಕರೆಂಟಿಗೆ ಕಟ್ಟೋ ದುಡ್ಡಿನಲ್ಲಿ ಉಳಿಯುತ್ತಲ್ಲ, ಅದರಲ್ಲೇ ಕಂತು ಕಟ್ಟಿಬಿಡಿ. ಸಾಲ ತೀರಿದ ಮೇಲೆ ಉಳಿದಿದ್ದೆಲ್ಲ ನಿಮ್ಮದೇ."

ಮುಂದಿನ ವಾರ ಆ ಮಾಲೀಕರು ನಿಜವಾಗಿಯೂ ಬ್ಯಾಂಕಿಗೆ ಬಂದರು! ಭಾವ ಗಿರಾಕಿಗಳನ್ನು ಹಿಡಿಯುವ ದಾರಿಯೇ ಇದು. ನಷ್ಟವಾದದ್ದು ಅಕ್ಕನಿಗೊಬ್ಬಳಿಗೆ. ಕತ್ತಲಲ್ಲಿ ಆರಿಸಿಕೊಂಡ ನೀಲಿ ಸೀರೆ ಮನೆಗೆ ಬಂದಾಗ ಹಸಿರಾಗಿತ್ತು.

ಇಂಥ ಭಾವನಿಗೆ ಒಂದು ಲಾಡ್ಜಿನ ಮೇಲೆ ಮಾತ್ರ ವಿಶೇಷ ಮಮತೆ. ರೈಲ್ವೆ ನಿಲ್ದಾಣದಿಂದ ದ್ವಾರಕಾ ನಗರಕ್ಕೆ ಬರುವ ದಾರಿಯಲ್ಲಿ ಇಪ್ಪತ್ತನಾಲ್ಕು ರೂಮಿನ ಹಳೆಯ ಲಾಡ್ಜು. ವರ್ಗವಾಗಿ ಬಂದವರು ಮನೆ ಸಿಗುವವರೆಗೆ ಅಲ್ಲೇ ತಂಗುವುದು ವಾಡಿಕೆ. ಭಾವನೂ ಮೊದಲ ಐದು ತಿಂಗಳು ಅಲ್ಲಿಯೇ ಇದ್ದವರು. ಅದರ ಒಡತಿಯನ್ನು ಎಲ್ಲರೂ ಅಮ್ಮಗಾರು ಎನ್ನುತ್ತಾರೆ. ಅರವತ್ತು ದಾಟಿದ ವಿಧವೆ. ಒಂದು ಕೈಯಲ್ಲಿ ರಿಜಿಸ್ಟರು, ಇನ್ನೊಂದರಲ್ಲಿ ತಾಳೆಗರಿಯ ಬೀಸಣಿಗೆ ಹಿಡಿದು ಕೌಂಟರಿನಲ್ಲಿ ಕೂತಿರುತ್ತಾರೆ.

ಲಾಡ್ಜು ತುಂಬಿರುತ್ತಿತ್ತು, ಆದರೂ ಉಸಿರುಕಟ್ಟುವ ಸ್ಥಿತಿ. ಗುಡುಗುಡು ಅನ್ನುವ ಹಳೆಯ ಎಸಿಗಳು, ರೂಮಿಗೊಂದು ಗೀಸರು, ದಿನವಿಡೀ ನೀರೆತ್ತುವ ಮೋಟಾರು. ಬಂದದ್ದರಲ್ಲಿ ದೊಡ್ಡ ಪಾಲು ಕರೆಂಟಿಗೇ ಹೋಗುತ್ತಿತ್ತು. ಕೆಡವಿ ಅಂಗಡಿಗಳ ಕಟ್ಟಡ ಕಟ್ಟುತ್ತೇವೆ, ಕೊಡಿ ಎಂದು ಕೇಳುವವರು ಬಾಗಿಲಲ್ಲೇ ಕಾದಿದ್ದರು. ಕೊಟ್ಟರೆ ಅಲ್ಲಿ ಕೆಲಸ ಮಾಡುವ ಹನ್ನೊಂದು ಜನ ಬೀದಿಗೆ ಬೀಳುತ್ತಿದ್ದರು.

ಭಾವ ಪಟ್ಟುಹಿಡಿದು ಸಾಲದ ಕಡತ ತಯಾರಿಸಿದರು. ಸಾಲವೊಂದರಿಂದಲೇ ಸಾಲದು, ಕಂತು ಭಾರವಾಗುತ್ತಿತ್ತು. ಸರ್ಕಾರದ ಯೋಜನೆಯೊಂದರಲ್ಲಿ ಬಡ್ಡಿಯ ಒಂದು ಪಾಲು ವಾಪಸ್ಸು ಬರುವ ಅವಕಾಶವಿತ್ತು. ಅದಕ್ಕೆ ಹಿಂದಿನ ಒಂದು ವರ್ಷದ ಬಿಲ್ಲು ಕೊಡಬೇಕು. ಹೊಸ ಯಂತ್ರ ಹಾಕಿದ ಮೇಲೆ ಬಿಲ್ಲು ಅದಕ್ಕಿಂತ ಇಂತಿಷ್ಟು ಇಳಿಯಬೇಕು ಎಂಬುದು ನಿಯಮ.

ಕಡತ ಓಡಾಡುತ್ತಿದ್ದ ನಾಲ್ಕು ತಿಂಗಳು ಭಾವ ದಿನಾ ಸಂಜೆ ಬ್ಯಾಂಕಿನಿಂದ ನೇರ ಲಾಡ್ಜಿಗೆ. ಹೆಸರಿಗೆ ತಪಾಸಣೆ. ಮಾಡಿದ್ದೇನು? ಖಾಲಿ ಕಾರಿಡಾರಿನ ದೀಪ ಆರಿಸಿದರು. ಬೀಗ ಹಾಕಿದ ರೂಮುಗಳ ಎಸಿ ನಿಲ್ಲಿಸಿದರು. ಗೀಸರು ಆರಿಸುವುದನ್ನು ಕೆಲಸದವರಿಗೆ ಪಾಠದ ಹಾಗೆ ಕಲಿಸಿದರು.

ಬಿಲ್ಲು ಇಳಿಯಿತು. ಹೊಸ ಯಂತ್ರ ಬರುವುದಕ್ಕೆ ಮುಂಚೆಯೇ ಇಳಿಯಿತು!

ಆ ಯೋಜನೆಯ ವಿಜಯವಾಡದ ಕಚೇರಿಯಿಂದ ಕಾಗದ ಬಂತು. ಇಳಿದ ಬಿಲ್ಲಿನಿಂದ ಇನ್ನೆಷ್ಟು ಇಳಿಸುತ್ತೀರಿ, ಅನುಮಾನವಿದೆ, ಖುದ್ದು ಬಂದು ವಿವರಿಸಿ ಎಂದಿತ್ತು. ಭಾವ ಆ ರಾತ್ರಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾನೇ ಕೆಡಿಸಿಬಿಟ್ಟೆ ಕಣಯ್ಯ," ಎಂದರು. ಪಕ್ಕದ ರೂಮಿನಲ್ಲಿ ದೀಪ ಉರಿಯುತ್ತಿದ್ದರೂ ಏಳಲಿಲ್ಲ. ಅಕ್ಕನಿಗೆ ಆಗ ನಿಜಕ್ಕೂ ದಿಗಿಲಾಯಿತು. ಇವರನ್ನು ಒಬ್ಬರನ್ನೇ ಬಿಡಬೇಡ ಎಂದು ನನ್ನನ್ನೂ ಜೊತೆಗೆ ಹೊರಡಿಸಿದಳು.

ಭಾವ, ಅಮ್ಮಗಾರು, ನಾನು ರೈಲಿನಲ್ಲಿ ವಿಜಯವಾಡಕ್ಕೆ ಹೋದೆವು. ಕಚೇರಿ ಇದ್ದದ್ದು ಊರಾಚೆ, ಇಬ್ರಾಹಿಂಪಟ್ನಂ ಕಡೆ. ಆಟೋದಿಂದ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಕಂಡವು.

"ಆ ಹೊಗೇಲಿ ನಿನ್ನ ಗೀಸರಿನ ಪಾಲು ಎಷ್ಟಿದೆಯೋ," ಎಂದರು ಭಾವ. ಅಷ್ಟು ಸಂಕಟದಲ್ಲೂ ನನ್ನನ್ನು ಬಿಡಲಿಲ್ಲ ನೋಡಿ! ನಾನು ಅಂದಿನಿಂದ ತಣ್ಣೀರಿನಲ್ಲೇ ಮೀಯುತ್ತಿದ್ದೇನೆ.

ಅಧಿಕಾರಿಯ ಕೋಣೆ ದೊಡ್ಡದು. ಅವರು ಕಡತ ತಿರುವಿ ತಲೆಯಾಡಿಸಿದರು.

"ಬಿಲ್ಲು ಇಳಿದಿದೆ ಅಂದರೆ ಲಾಡ್ಜಿಗೆ ಜನ ಬರುತ್ತಿಲ್ಲ. ಮುಚ್ಚಿಹೋಗುವ ಲಾಡ್ಜಿಗೆ ರಿಯಾಯಿತಿ ಹೇಗೆ ಕೊಡಲಿ, ಹೇಳಿ?"

ಅಮ್ಮಗಾರು ಚೀಲದಿಂದ ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟರು. ಪುಟಪುಟದಲ್ಲೂ ರೂಮು ಭರ್ತಿ.

"ಮತ್ತೆ ಬಿಲ್ಲು ಇಳಿದದ್ದು ಹೇಗೆ?"

"ನನ್ನಿಂದ ಸಾರ್," ಎಂದರು ಭಾವ, ತಲೆ ತಗ್ಗಿಸಿ. "ನಾನೇ ದಿನಾ ಹೋಗಿ ಸ್ವಿಚ್ಚು ಆರಿಸ್ತಿದ್ದೆ."

"ಬ್ಯಾಂಕ್ ಮ್ಯಾನೇಜರು ದಿನಾ ಹೋಗಿ ಸ್ವಿಚ್ಚು ಆರಿಸುವುದೇ? ಇದನ್ನು ಕಡತದಲ್ಲಿ ಬರೆದರೆ ನನ್ನ ಮೇಲಿನವರು ನಗುತ್ತಾರೆ."

ಆಗ ಬಾಗಿಲು ತೆರೆದು ಗುಮಾಸ್ತೆಯೊಬ್ಬರು ಇಣುಕಿದರು. "ಸಾರ್, ಹೊರಗಿನ ಹಾಲಿನಲ್ಲಿ ಅರ್ಧ ಕರೆಂಟು ಹೋಗಿದೆ. ಇಲ್ಲಿ ಇದೆಯೇ?"

ಅಧಿಕಾರಿ ತಲೆಯೆತ್ತಿದರು. ಖಾಲಿ ಕುರ್ಚಿಗಳ ಮೇಲಿನ ಮೂರು ಫ್ಯಾನುಗಳು ನಿಂತಿದ್ದವು. ಬಿಸಿಲು ಬೀಳುವ ಕಿಟಕಿಯ ಪಕ್ಕದ ದೀಪಗಳೂ ಆರಿದ್ದವು. ಭಾವ ಒಳಗೆ ಬರುತ್ತಲೇ ಎರಡೂ ಕಡೆ ಕೆಲಸ ಮುಗಿಸಿದ್ದರು. ಯಾವಾಗ ಎಂದು ಪಕ್ಕದಲ್ಲೇ ಇದ್ದ ನನಗೂ ತಿಳಿದಿರಲಿಲ್ಲ, ಪಾಪ, ಅವರಿಗೂ ತಿಳಿದಂತಿರಲಿಲ್ಲ. ಅಧಿಕಾರಿ ಒಂದು ನಿಮಿಷ ಅವರನ್ನೇ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಭಾವ ತಪಾಸಣೆ ಶುರುಮಾಡುವುದಕ್ಕೆ ಮುಂಚಿನ ಒಂದು ವರ್ಷದ ಬಿಲ್ಲುಗಳನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಅವರು ಅಲ್ಲಿಯೇ ಬರೆದರು. ರಿಯಾಯಿತಿ ಮಂಜೂರಾಯಿತು. ಎರಡು ತಿಂಗಳಲ್ಲಿ ಲಾಡ್ಜಿಗೆ ಹೊಸ ಎಸಿ, ಹೊಸ ಮೋಟಾರು, ತಾರಸಿಯ ಮೇಲೆ ಬಿಸಿಲಿನಲ್ಲಿ ನೀರು ಕಾಯಿಸುವ ಯಂತ್ರ, ಕಡಿಮೆ ಕರೆಂಟು ಕುಡಿಯುವ ಫ್ಯಾನುಗಳು ಬಂದವು. ಕೊಳ್ಳಲು ಕಾದಿದ್ದವರು ಬೇರೆ ಕಟ್ಟಡ ಹುಡುಕಿಕೊಂಡು ಹೋದರು.

ಮೊದಲ ಹೊಸ ಬಿಲ್ಲು ಬಂದ ಮಧ್ಯಾಹ್ನ ಭಾವನ ಜೊತೆ ನಾನೂ ಹೋಗಿದ್ದೆ. ಬೆವರಿಳಿಸುವ ಸೆಕೆ. ಅಮ್ಮಗಾರು ಬಿಲ್ಲನ್ನು ಎರಡು ಸಲ ಓದಿ ಕಣ್ಣಿಗೊತ್ತಿಕೊಂಡರು. ಅವರ ಇನ್ನೊಂದು ಕೈ ಬೀಸಣಿಗೆ ಬೀಸುತ್ತಲೇ ಇತ್ತು. ತಲೆಯ ಮೇಲೆ ಹೊಸ ಫ್ಯಾನು ಸುಮ್ಮನೆ ನಿಂತಿತ್ತು.

"ಫ್ಯಾನು ಹಾಕಿಕೊಳ್ಳಬಾರದೇ ಅಮ್ಮಗಾರು?" ಎಂದೆ.

ಅವರು ನಕ್ಕರು. "ನಿಮ್ಮ ಭಾವಗಾರು ಇಲ್ಲಿದ್ದಾಗ ಇದನ್ನೇ ಕೇಳಿದ್ದರು ಬಾಬು. ಬಿಲ್ಲು ಇಳಿಯಲಿ, ಆಮೇಲೆ ಹಾಕುತ್ತೇನೆ ಅಂದಿದ್ದೆ. ಅವರು ಎದ್ದುಹೋಗಿ ಕಾರಿಡಾರಿನ ದೀಪ ಆರಿಸಿದರು. ಅಂದು ಹಿಡಿದದ್ದು, ಇನ್ನೂ ಬಿಟ್ಟಿಲ್ಲ."

ಸಮುದ್ರದ ಗಾಳಿಯ ರೋಗವೆಂದು ನಾವೆಲ್ಲ ನಕ್ಕಿದ್ದೆವಲ್ಲ! ಐದು ವರ್ಷ ಈ ಮನುಷ್ಯ ಕಂಡಕಂಡಲ್ಲಿ ಆರಿಸುತ್ತಾ ಬಂದದ್ದು ಒಬ್ಬ ಮುದುಕಿಯ ತಲೆಯ ಮೇಲೆ ಗಾಳಿಯಾಡಲಿ ಎಂದು ಶುರುವಾದದ್ದೇ?

ಭಾವ ಯಾರ ಮುಖವನ್ನೂ ನೋಡದೆ ಕೌಂಟರಿನ ಹಿಂದೆ ಹೋದರು. ಅಮ್ಮಗಾರ ಕೈಯಿಂದ ಬೀಸಣಿಗೆ ತೆಗೆದು ರಿಜಿಸ್ಟರಿನ ಮೇಲಿಟ್ಟರು. ಗೋಡೆಯ ಸ್ವಿಚ್ಚಿನ ಮುಂದೆ ಒಂದು ಕ್ಷಣ, ಮರೆತ ಕೆಲಸವನ್ನು ನೆನಪಿಸಿಕೊಳ್ಳುವವರಂತೆ ನಿಂತರು. ಆಮೇಲೆ ಒತ್ತಿದರು. ಫ್ಯಾನು ತಿರುಗಿತು, ಅಮ್ಮಗಾರ ನರೆಗೂದಲು ಹಣೆಯ ಮೇಲೆ ಹಾರಾಡಿತು.

ಹೊರಡುವಾಗ ಭಾವ ಅಭ್ಯಾಸಬಲದಿಂದ ಬಾಗಿಲ ಬಳಿ ನಿಂತು ಹಿಂತಿರುಗಿ ನೋಡಿದರು. ಹೊರಬಾಗಿಲ ದೀಪ ಆರಿಸಿದರು. ಫ್ಯಾನು ತಿರುಗುತ್ತಲೇ ಇತ್ತು.